ಉಪಾಯುಧದ ನೆಲೆ: ವೀರಗಲ್ಲಿನ ಸುರಗಿಯಿಂದ ತೊಡೆಯ ಪಿಸ್ತೂಲಿನವರೆಗೆ

1. ಪ್ರಶ್ನೆಯ ಸ್ವರೂಪ

ಯೋಧನ ಮುಖ್ಯಾಯುಧ ಅವನ ಕೈಯಲ್ಲಿರುತ್ತದೆ. ಎರಡನೆಯ ಆಯುಧ ಅವನ ಮೈಮೇಲಿರುತ್ತದೆ. ಬಿಲ್ಲಿನ ಹೆದೆ ಹರಿದಾಗ, ಈಟಿ ಮುರಿದಾಗ, ಬಂದೂಕು ಕೆಟ್ಟು ನಿಂತಾಗ, ಅಥವಾ ಹಗೆ ತೋಳಳತೆಯೊಳಕ್ಕೆ ನುಗ್ಗಿದಾಗ ಕೈ ಹೋಗುವುದು ಈ ಎರಡನೆಯದರ ಕಡೆಗೆ. ಪ್ರಸ್ತುತ ಲೇಖನದಲ್ಲಿ ಇದನ್ನು 'ಉಪಾಯುಧ' ಎಂದು ಕರೆದಿದ್ದೇವೆ. ಸುರಗಿ, ಕಠಾರಿ, ಪೀಚೆಕತ್ತಿ, ಪಿಸ್ತೂಲು ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಆಯುಧಗಳ ಆಕಾರ, ಲೋಹ, ಅಲಂಕಾರಗಳನ್ನು ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಉಪಾಯುಧವನ್ನು ದೇಹದ ಯಾವ ಭಾಗದಲ್ಲಿ ಧರಿಸುತ್ತಿದ್ದರು, ಅಲ್ಲಿಯೇ ಏಕೆ ಧರಿಸುತ್ತಿದ್ದರು ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಈ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಸೊಂಟದಲ್ಲಿರುವ ಆಯುಧವೂ ಕೈಯಲ್ಲಿರುವ ಆಯುಧವೂ ಒಂದೇ ಅರ್ಥವನ್ನು ಹೇಳುವುದಿಲ್ಲ. ಕೈಯಲ್ಲಿರುವುದು ನಡೆಯುತ್ತಿರುವ ಕ್ರಿಯೆಯನ್ನು ಸೂಚಿಸಿದರೆ, ಸೊಂಟದಲ್ಲಿರುವುದು ಮುಂದೆ ನಡೆಯಬಹುದಾದುದನ್ನು, ಇಲ್ಲವೆ ಧರಿಸಿದವನ ಸ್ಥಾನಮಾನವನ್ನು ಸೂಚಿಸುತ್ತದೆ. ವೀರಗಲ್ಲಿನ ವಿವರಣೆಯಲ್ಲಿ "ವೀರನು ಕತ್ತಿ ಹಿಡಿದಿದ್ದಾನೆ" ಎಂದು ಮಾತ್ರ ಬರೆದು ಅವನ ನಡುವಿನಲ್ಲಿರುವ ಸುರಗಿಯನ್ನು ಬಿಟ್ಟರೆ, ಆ ಶಿಲ್ಪ ಹೇಳುವ ಮಾತಿನ ಅರ್ಧ ಭಾಗ ನಮ್ಮ ಕೈತಪ್ಪುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಉಪಾಯುಧದ ನೆಲೆಯನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ. ಮೊದಲನೆಯದು, ಅದನ್ನು ಯಾವ ಕೈ ಹಿರಿಯಬೇಕು, ಆಗ ಇನ್ನೊಂದು ಕೈ ಏನು ಮಾಡುತ್ತಿರುತ್ತದೆ ಎಂಬುದು. ಎರಡನೆಯದು, ಮೈಮೇಲೆ ಮತ್ತೇನೇನು ಇದೆ ಎಂಬುದು. ಗುರಾಣಿ, ಬತ್ತಳಿಕೆ, ಕವಚ, ದಟ್ಟಿ, ಗುಂಡಿನ ಚೀಲಗಳೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಮೂರನೆಯದು, ಅದು ಯಾರ ಕಣ್ಣಿಗೆ ಕಾಣಬೇಕು, ಯಾರ ಕೈಗೆ ಸಿಗಬಾರದು ಎಂಬುದು. ಮಧ್ಯಕಾಲೀನ ಶಿಲ್ಪದಿಂದ ಆರಂಭಿಸಿ ಇಂದಿನ ವಿಶೇಷ ಪಡೆಗಳ ಉಡುಪಿನವರೆಗೆ ಈ ಮೂರು ಸಂಗತಿಗಳು ಹೇಗೆ ಕೆಲಸ ಮಾಡಿವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2. ಶಬ್ದಗಳ ಸಾಕ್ಷ್ಯ

ಗಿಡ್ಡ ಅಲಗಿನ ಆಯುಧಗಳಿಗೆ ಕನ್ನಡದಲ್ಲಿ ಹೆಸರುಗಳ ಸಮೃದ್ಧಿಯಿದೆ. 'ಸುರಗಿ' ಮತ್ತು 'ಚೂರಿ' ಎರಡೂ ಸಂಸ್ಕೃತದ 'ಛುರಿಕಾ' ಶಬ್ದದೊಡನೆ ಸಂಬಂಧವುಳ್ಳವು. ಒಂದು ಕಾವ್ಯ, ಶಾಸನಗಳಲ್ಲಿ ಉಳಿಯಿತು, ಇನ್ನೊಂದು ಮನೆಮಾತಾಯಿತು. 'ಕಠಾರಿ' ಹಿಂದಿಯ ಕಟಾರ್, ಮರಾಠಿಯ ಕಟ್ಯಾರ್, ತಮಿಳಿನ ಕಟ್ಟಾರಿಗಳ ಬಳಗಕ್ಕೆ ಸೇರಿದ್ದು. ಬಾಕು, ಖಂಜರ, ಜಂಬಿಯಗಳೂ ಈ ಸಾಲಿನಲ್ಲಿವೆ. ಆಯುಧವನ್ನು ಒರೆಯಿಂದ ಹೊರತೆಗೆಯುವ ಕ್ರಿಯೆಗೂ ಕನ್ನಡದಲ್ಲಿ ಪ್ರತ್ಯೇಕ ಪದಗಳಿವೆ: 'ಉರ್ಚು', 'ಹಿರಿ', 'ಸೆಳೆ', 'ಒರೆಗಳೆ'. ಒಂದು ಕ್ರಿಯೆಗೆ ಇಷ್ಟು ಪದಗಳು ಬೆಳೆದಿರುವುದು ಆ ಕ್ಷಣಕ್ಕಿದ್ದ ಮಹತ್ವವನ್ನು ತೋರಿಸುತ್ತದೆ. ಒರೆಯಿಂದ ಹೊರಬಂದ ಮೇಲೆ ಆಯುಧದ ಅರ್ಥವೇ ಬದಲಾಗುತ್ತದೆ.

ಇಲ್ಲಿ ಎಚ್ಚರಿಕೆಯೊಂದು ಅಗತ್ಯ. ವಸ್ತುಸಂಗ್ರಹಾಲಯಗಳಲ್ಲಿ ಇಂದು 'ಕಟಾರ್' ಎಂದು ತೋರಿಸುವುದು ಅಡ್ಡ ಹಿಡಿಯುಳ್ಳ, ಮುಷ್ಟಿಯಿಂದ ನೇರವಾಗಿ ತಿವಿಯುವ ಆಯುಧವನ್ನು. ಶಾಸನದಲ್ಲಿ 'ಕಠಾರಿ' ಎಂಬ ಶಬ್ದ ಬಂದ ಮಾತ್ರಕ್ಕೆ ಅದು ಇದೇ ಆಕಾರದ್ದೆಂದು ಹೇಳಲಾಗದು. ಶಬ್ದ ಉಳಿದು ವಸ್ತು ಬದಲಾಗುವುದು ಭಾಷೆಯ ಇತಿಹಾಸದಲ್ಲಿ ಸಾಮಾನ್ಯ. ಆದರೆ ಶಬ್ದದ ಗೌರವ ಎಷ್ಟಿತ್ತೆಂಬುದು ನಿಸ್ಸಂದೇಹ. ವಿಜಯನಗರದ ಸಾಳುವ ಮನೆತನದವರು 'ಕಠಾರಿ ಸಾಳುವ' ಎಂಬ ಬಿರುದನ್ನು ಧರಿಸಿದರು. ಭಾರಿ ಖಡ್ಗವನ್ನಾಗಲಿ ಬಿಲ್ಲನ್ನಾಗಲಿ ಬಿಟ್ಟು ಸೊಂಟದ ಗಿಡ್ಡ ಆಯುಧವನ್ನೇ ಬಿರುದಿಗೆ ಆರಿಸಿಕೊಂಡದ್ದು ಗಮನಾರ್ಹ. ರಣರಂಗದಲ್ಲಿ ಮಾತ್ರವಲ್ಲದೆ ಸಭೆಯಲ್ಲಿಯೂ ಮೈಮೇಲೆ ಉಳಿಯುವ ಆಯುಧ ಇದೊಂದೇ.

3. ವೀರಗಲ್ಲುಗಳು: ಸಾಕ್ಷ್ಯ ಮತ್ತು ಅದರ ಮಿತಿ

ಕನ್ನಡನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ ಇರುತ್ತವೆ. ಕಾಳಗದ ಪಟ್ಟಿಕೆಯಲ್ಲಿ ವೀರನ ಕೈಯಲ್ಲಿ ಬಿಲ್ಲು ಅಥವಾ ಕತ್ತಿ, ನಡುಪಟ್ಟಿಯಲ್ಲಿ ಸುರಗಿ ಕಾಣುವ ಶಿಲ್ಪಗಳು ಅನೇಕ. ತಮಿಳುನಾಡಿನ ಚೆಂಗಂ ಪರಿಸರದ ನಡುಗಲ್ಲುಗಳ ವಿವರಣೆಗಳಲ್ಲಿಯೂ ಸೊಂಟದ 'ಕುರುವಾಳ್' ಮತ್ತೆ ಮತ್ತೆ ಬರುತ್ತದೆ. ಇದು ಪ್ರಾಂತವೊಂದರ ವಿಶೇಷವಾಗಿರದೆ ದಕ್ಷಿಣದ ಯೋಧರ ಸಮಾನ ರೂಢಿಯಾಗಿತ್ತೆಂದು ಇದರಿಂದ ತಿಳಿಯುತ್ತದೆ.

ಬಿಲ್ಲುಗಾರನ ವಿಚಾರದಲ್ಲಿ ಈ ರೂಢಿಯ ತರ್ಕ ಸ್ಪಷ್ಟ. ಬಿಲ್ಲಿಗೆ ಎರಡೂ ಕೈ ಬೇಕು, ಬೆನ್ನು ಬತ್ತಳಿಕೆಗೆ ಮೀಸಲು. ಉದ್ದ ಕತ್ತಿ ಕಾಲಿಗೆ ತೊಡರುತ್ತದೆ. ಆದುದರಿಂದ ಗಿಡ್ಡ ಆಯುಧ, ಅದೂ ನಡುವಿನಲ್ಲಿ, ಎಂಬುದೇ ಉಳಿಯುವ ದಾರಿ. ಸುಮಾರು 1520ರ ವೇಳೆಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್, ರಾಜನ ಸೈನ್ಯ ಪರಿಶೀಲನೆಯನ್ನು ವರ್ಣಿಸುವಾಗ ಚಿನ್ನ ಬೆಳ್ಳಿಯ ತಗಡು ಹೊದಿಸಿದ ಬಿಲ್ಲುಗಳ ಯೋಧರ ನಡುವಿನಲ್ಲಿ ಬಾಕುಗಳೂ ಕೊಡಲಿಗಳೂ ಇದ್ದುವೆಂದು ಹೇಳುತ್ತಾನೆ. ವೀರಗಲ್ಲಿನಲ್ಲಿ ಶತಮಾನಗಳ ಹಿಂದಿನಿಂದ ಕಾಣುವ ಜೋಡಣೆಯೇ ಇಲ್ಲಿ ಕಣ್ಣಾರೆ ಕಂಡವನ ಬರಹದಲ್ಲಿ ದಾಖಲಾಗಿದೆ.

ಬಲ ಎಡಗಳ ಪ್ರಶ್ನೆ ಇದಕ್ಕಿಂತ ತೊಡಕಿನದು. ಬಲಗೈಯವನು ಉದ್ದ ಕತ್ತಿಯನ್ನು ಎಡಗಡೆ ಕಟ್ಟಿಕೊಂಡರೆ ಅಲಗಿನ ಪೂರ್ತಿ ಉದ್ದವನ್ನು ಅಡ್ಡಲಾಗಿ ಸೆಳೆಯುವುದು ಸುಲಭ. ಗಿಡ್ಡ ಅಲಗಿಗೆ ಈ ನಿರ್ಬಂಧವಿಲ್ಲ. ಅದನ್ನು ಬಲಗಡೆಯಿಂದಲೂ ಮುಂದಿನಿಂದಲೂ ಹಿರಿಯಬಹುದು. ರೋಮಿನ ಕಾಲಾಳುಗಳು ಗಿಡ್ಡ ಕತ್ತಿಯನ್ನು ಬಲಗಡೆಗೇ ಧರಿಸುತ್ತಿದ್ದುದು, ಅವರ ಶತಪತಿಗಳು ಎಡಗಡೆ ಧರಿಸುತ್ತಿದ್ದುದು ಪ್ರಸಿದ್ಧ ಉದಾಹರಣೆ. ಸಾಲಿನಲ್ಲಿ ಒತ್ತಾಗಿ ನಿಂತ ಕಾಲಾಳಿನ ಎಡಗೈಯಲ್ಲಿ ದೊಡ್ಡ ಗುರಾಣಿ ಇರುತ್ತಿತ್ತು. ಅದರ ಹಿಂದಿನಿಂದ ಕತ್ತಿ ಸೆಳೆಯುವುದು ಕಷ್ಟ. ಅಲಗಿನ ಉದ್ದ ಮತ್ತು ಇನ್ನೊಂದು ಕೈಯ ಕೆಲಸ ಇವೆರಡೂ ಸೇರಿ ಪಕ್ಕವನ್ನು ನಿರ್ಧರಿಸುತ್ತವೆ ಎಂಬುದಕ್ಕೆ ಇದು ನಿದರ್ಶನ.

ಆದರೆ ಶಿಲ್ಪದಿಂದ ಬಲ ಎಡಗಳನ್ನು ನೇರವಾಗಿ ಓದುವುದು ಅಪಾಯಕರ. ಪಕ್ಕನೋಟದಲ್ಲಿ ಕಡೆದ ವೀರನ ಒಂದು ಮಗ್ಗುಲು ಮಾತ್ರ ನಮಗೆ ಕಾಣುತ್ತದೆ. ಸುರಗಿಯನ್ನು ತೋರಿಸಲೇಬೇಕೆಂಬ ಶಿಲ್ಪಿ ಅದನ್ನು ಕಾಣುವ ಮಗ್ಗುಲಿಗೇ ತರುತ್ತಾನೆ. ಹೀಗಾಗಿ ವೀರ ಎತ್ತ ಮುಖಮಾಡಿದ್ದಾನೆ ಎಂಬುದನ್ನು ದಾಖಲಿಸದೆ ಸುರಗಿ ಬಲಕ್ಕಿದೆ, ಎಡಕ್ಕಿದೆ ಎಂದರೆ ಅದಕ್ಕೆ ಅರ್ಥವಿಲ್ಲ. ಇದರ ಜೊತೆಗೆ 'ಎಡಕ್ಕೆ' ಎಂಬುದು ವೀರನ ಎಡವೋ ನೋಡುವವನ ಎಡವೋ ಎಂಬುದನ್ನು ನಮ್ಮ ಸರ್ವೇಕ್ಷಣ ವರದಿಗಳು ಎಷ್ಟೋ ಸಲ ತಿಳಿಸುವುದಿಲ್ಲ. ಅಚ್ಚಿನಲ್ಲಿ ತಿರುವುಮುರುವಾದ ಛಾಯಾಚಿತ್ರ ಇನ್ನಷ್ಟು ಗೊಂದಲ ತರುತ್ತದೆ. ಮುಮ್ಮುಖವಾಗಿ ನಿಂತ ಶಿಲ್ಪಗಳ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆ ಕೊಡಬೇಕೆಂಬುದು ಇದರಿಂದ ಬರುವ ನಿಯಮ.

ಉಪಾಯುಧದ ಕೊನೆಯ ಉಪಯೋಗವನ್ನು ಹಳೇಬೀಡಿನ ಗರುಡಗಂಬ ತೋರಿಸುತ್ತದೆ. ಕ್ರಿ.ಶ. 1220ರ ಸುಮಾರಿನಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮನೂ ಅವನ ಪರಿವಾರದವರೂ ಒಡೆಯನೊಡನೆ ಪ್ರಾಣ ನೀಗಿದುದರ ಸ್ಮಾರಕ ಅದು. ಕಿರುಗತ್ತಿಯಿಂದ ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ಗರುಡರ ಆಕೃತಿಗಳು ಅಲ್ಲಿವೆ. ಹಗೆಯ ವಿರುದ್ಧ ಕೊನೆಯ ಆಸರೆಯಾಗಿ ಧರಿಸಿದ ಆಯುಧವೇ ವೇಳೆಯ ನಿಷ್ಠೆಗೆ, ಎಂದರೆ ಒಡೆಯನೊಡನೆ ಸಾಯುವ ಪಣಕ್ಕೆ ಸಾಧನವಾಯಿತು. ಸದಾ ಮೈಮೇಲಿರುವ ಆಯುಧ ಸದಾ ಇರುವ ಪ್ರತಿಜ್ಞೆಯ ಗುರುತೂ ಆಗಿತ್ತೆಂದು ನಾವು ತಿಳಿಯಬಹುದು.

4. ದಟ್ಟಿಯ ಮುಂದೆ, ತೋಳಿನ ಒಳಗೆ, ಬೆನ್ನ ಹಿಂದೆ

ಮೊಗಲರ ಮತ್ತು ದಖನಿನ ಚಿತ್ರಗಳಲ್ಲಿ ಉಪಾಯುಧ ದಟ್ಟಿಯ ಮುಂಭಾಗಕ್ಕೆ ಬರುತ್ತದೆ. ಉದ್ದ ಕತ್ತಿ ಎಡಗಡೆ ತೂಗಿದರೆ ಕಟಾರಿಯನ್ನು ಜರತಾರಿ ದಟ್ಟಿಯೊಳಗೆ ಓರೆಯಾಗಿ ಸಿಕ್ಕಿಸಿರುತ್ತಾರೆ. ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಕೊಟ್ಟಿರುವ ಆಯುಧಗಳ ಪಟ್ಟಿಯಲ್ಲಿ ಜಮಧರ, ಖಂಜರ, ಕಟಾರಗಳು ಬೇರೆ ಬೇರೆಯಾಗಿ, ಬೆಲೆಗಳೊಡನೆ ಬರುತ್ತವೆ. ಮುಂದೆ ಸಿಕ್ಕಿಸಿದ ಆಯುಧ ಎರಡೂ ಕೈಗೆ ನಿಲುಕುತ್ತದೆ. ಕುಳಿತಾಗಲೂ ಕುದುರೆಯ ಮೇಲಿದ್ದಾಗಲೂ ತೊಡರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ಎದುರಿಗಿರುವವನ ಕಣ್ಣಿಗೆ ಅದು ಮೊದಲು ಬೀಳುತ್ತದೆ. ರತ್ನಖಚಿತ ಹಿಡಿಗೆ ಇದಕ್ಕಿಂತ ಯೋಗ್ಯ ಸ್ಥಳವಿಲ್ಲ. ಮದುರೆಯ ನಾಯಕರ ಕಾಲದ ಭಕ್ತಶಿಲ್ಪಗಳಲ್ಲಿ ಅರಸು ಕೈಮುಗಿದು ನಿಂತಿದ್ದರೂ ನಡುವಿನಲ್ಲಿ ಕಿರುಗತ್ತಿ ಇರುವುದುಂಟು. ಕೈಮುಗಿದಿರುವುದರಿಂದ ಆಯುಧ ನಿಷ್ಕ್ರಿಯ. ಅದು ಕಾಣುತ್ತಿರುವುದರಿಂದ ಅಧಿಕಾರ ಅಖಂಡ. ಒಂದೇ ಶಿಲ್ಪ ಎರಡನ್ನೂ ಹೇಳುತ್ತದೆ.

ಕಾಣಿಸುವುದಕ್ಕೆ ವಿರುದ್ಧವಾದ ನೆಲೆ ಮರೆಸುವುದು. 1659ರ ನವೆಂಬರ್ 10ರಂದು ಪ್ರತಾಪಗಡದ ತಪ್ಪಲಿನಲ್ಲಿ ಬಿಜಾಪುರದ ಆದಿಲಶಾಹಿ ಸರದಾರ ಅಫಜಲಖಾನನೂ ಶಿವಾಜಿ ಮಹಾರಾಜನೂ ಭೇಟಿಯಾದ ಪ್ರಸಂಗದಲ್ಲಿ ಈ ಎರಡು ನೆಲೆಗಳೂ ಎದುರುಬದುರಾಗುತ್ತವೆ. ಮರಾಠಿ ಬಖರುಗಳ ಪರಂಪರೆಯಂತೆ ಖಾನನು ಜಮಧಾಡದಿಂದ ಇರಿದನು. ಮಹಾರಾಜನ ಅಂಗಿಯೊಳಗೆ ಕವಚವಿತ್ತು, ತೋಳಿನಲ್ಲಿ ಬಿಚವಾ, ಅಂಗೈಯಲ್ಲಿ ವ್ಯಾಘ್ರನಖ ಅಡಗಿದ್ದುವು. ಆಲಿಂಗನದಷ್ಟು ಹತ್ತಿರದಲ್ಲಿ ಸೊಂಟಕ್ಕೆ ಕೈ ಒಯ್ಯುವುದೇ ಸಂಕೇತವಾಗಿಬಿಡುತ್ತದೆ. ತೋಳಿನಲ್ಲಿರುವ ಆಯುಧಕ್ಕೆ ಆ ತೊಂದರೆಯಿಲ್ಲ. ನೆಲೆಯ ಆಯ್ಕೆ ರಾಜಕೀಯ ಲೆಕ್ಕಾಚಾರದ ಭಾಗವಾಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಥನ ದೊರೆಯುವುದು ವಿರಳ.

ಎರಡು ನೆಲೆಗಳನ್ನು ಒಂದೇ ಉಡುಪಿನಲ್ಲಿ ಇಂದಿಗೂ ಉಳಿಸಿಕೊಂಡಿರುವವರು ಕೊಡವರು. ಕಪ್ಪು ಕುಪ್ಯದ ಮೇಲೆ ಸುತ್ತಿದ ಕೆಂಪು ಚೇಲೆಯ ಮುಂಭಾಗದಲ್ಲಿ ಬೆಳ್ಳಿಯ ಕೆಲಸದ ಒರೆಯಲ್ಲಿ ಪೀಚೆಕತ್ತಿ ಇರುತ್ತದೆ. ಬೆನ್ನ ಹಿಂದೆ 'ತೊಡಂಗ್' ಎಂಬ ಹಿತ್ತಾಳೆಯ ಹಿಡಿಕೆಯಲ್ಲಿ ಅಗಲ ಅಲಗಿನ ಒಡಿಕತ್ತಿ ಒರೆಯಿಲ್ಲದೆ ನಿಲ್ಲುತ್ತದೆ. ಮಲಬಾರಿನ ಆಯುಧಕತ್ತಿಯನ್ನೂ ಇದೇ ಬಗೆಯಲ್ಲಿ ಬೆನ್ನಿಗೆ ಧರಿಸುತ್ತಿದ್ದರು. ಬಾಗಿದ, ಭಾರವಾದ ಅಲಗನ್ನು ಪಕ್ಕಕ್ಕೆ ಕಟ್ಟಿದರೆ ಕಾಡಿನ ಇಳಿಜಾರಿನಲ್ಲಿ ನಡೆಗೆ ಅಡ್ಡಿ. ಬೆನ್ನ ಹಿಂದಿದ್ದರೆ ಎರಡೂ ಕೈ, ಎರಡೂ ಪಕ್ಕ ಮುಕ್ತ. ಬಂದೂಕು ಹಿಡಿದು ಪೊದೆಗಳಲ್ಲಿ ಸಾಗುವವನಿಗೆ ಇದು ಅನುಕೂಲವೆಂದು ಊಹಿಸಬಹುದು. ಹೀಗೆ ಕೆಲಸದ ಆಯುಧ ಹಿಂದಕ್ಕೂ ಗೌರವದ ಆಯುಧ ಮುಂದಕ್ಕೂ ಹಂಚಿಕೆಯಾಗಿವೆ. ಈ ಸಮುದಾಯದ ಬದುಕಿನಲ್ಲಿ ಆಯುಧಕ್ಕಿರುವ ಸ್ಥಾನವನ್ನು ಕಾನೂನೂ ಮನ್ನಿಸಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

5. ಕಡಿದ ತೋಳು ಮತ್ತು ಅಡ್ಡಪಟ್ಟಿ

ಬಟ್ಟೆಯ ದಟ್ಟಿಯಿಂದ ತೊಗಲಿನ ಪಟ್ಟಿಗೆ, ಕತ್ತಿಯಿಂದ ಪಿಸ್ತೂಲಿಗೆ ಆದ ಬದಲಾವಣೆಯಲ್ಲಿ ಭಾರತದ ನೆಲದಲ್ಲಿ ನಡೆದ ಒಂದು ಘಟನೆಗೆ ಜಾಗತಿಕ ಮಹತ್ವವಿದೆ. 1824ರಲ್ಲಿ ಬಂಗಾಳದ ಬ್ಯಾರಕ್‌ಪುರದಲ್ಲಿ ಹುಟ್ಟಿದ ಸ್ಯಾಮ್ಯುಯೆಲ್ ಬ್ರೌನ್ ಪಂಜಾಬಿನ ಅಶ್ವದಳವೊಂದರ ಅಧಿಕಾರಿ. 1858ರ ಆಗಸ್ಟ್ 31ರಂದು ಪೀಲಿಭೀತ್ ಸಮೀಪದ ಕಾಳಗದಲ್ಲಿ ಅವನ ಎಡತೋಳು ಕಡಿದುಹೋಯಿತು. ಅಲ್ಲಿಯವರೆಗೆ ಸವಾರ ತೂಗಾಡುವ ಒರೆಯನ್ನು ಎಡಗೈಯಿಂದ ಹಿಡಿದು ಬಲಗೈಯಿಂದ ಕತ್ತಿ ಸೆಳೆಯುತ್ತಿದ್ದ. ಒಂದೇ ಕೈ ಉಳಿದವನಿಗೆ ಇದು ಸಾಧ್ಯವಿಲ್ಲ. ಬ್ರೌನ್ ಸೊಂಟಪಟ್ಟಿಗೆ ಬಲ ಹೆಗಲಿನ ಮೇಲಿಂದ ಹಾಯುವ ಇನ್ನೊಂದು ಪಟ್ಟಿಯನ್ನು ಜೋಡಿಸಿದ. ಅದು ಎಡಗಡೆಯ ಒರೆಯ ಭಾರವನ್ನು ಹೊತ್ತು ಅಲುಗಾಡದಂತೆ ಹಿಡಿಯಿತು. ಬಲಗಡೆ ಮುಚ್ಚಳವಿರುವ ಒರೆಯಲ್ಲಿ ಪಿಸ್ತೂಲು ಬಂತು. ಮುಂದೆ ಅನೇಕ ದೇಶಗಳ ಸೇನೆಗಳೂ ಪೊಲೀಸರೂ ಅನುಸರಿಸಿದ 'ಸ್ಯಾಮ್ ಬ್ರೌನ್ ಬೆಲ್ಟು' ಇದೇ. ನಮ್ಮ ಪೊಲೀಸ್ ಅಧಿಕಾರಿಗಳ ಸಮಾರಂಭದ ಉಡುಪಿನಲ್ಲಿ ಕಾಣುವ ಅಡ್ಡಪಟ್ಟಿಯ ಮೂಲವೂ ಇಲ್ಲಿದೆ. 'ಇನ್ನೊಂದು ಕೈ ಏನು ಮಾಡುತ್ತಿದೆ' ಎಂಬ ನಮ್ಮ ಮೊದಲ ಪ್ರಶ್ನೆಗೆ 'ಇನ್ನೊಂದು ಕೈಯೇ ಇಲ್ಲ' ಎಂಬ ಉತ್ತರ ಬಂದಾಗ ಹುಟ್ಟಿದ ಸಾಧನವಿದು.

ಪಿಸ್ತೂಲಿಗೆ ಉದ್ದ ಅಲಗಿನ ತೊಂದರೆಯಿಲ್ಲದ ಕಾರಣ ಅದು ಬಲಗೈಯ ಪಕ್ಕಕ್ಕೇ ಬಂತು. ಎಲ್ಲೆಡೆಯೂ ಹಾಗಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಅಶ್ವದಳ ಪಿಸ್ತೂಲನ್ನು ಬಲಗಡೆ, ಹಿಡಿ ಮುಂದಕ್ಕಿರುವಂತೆ ಧರಿಸಿತು. ಜರ್ಮನ್ ಅಧಿಕಾರಿಗಳು ಎಡಗಡೆ ಮುಂದಕ್ಕೆ ಧರಿಸಿದರು. ಮುಚ್ಚಳದ ಒರೆ ಧೂಳು, ಮಳೆ ಮತ್ತು ಪರರ ಕೈಯಿಂದ ಕಾಪಾಡುತ್ತದೆ, ಆದರೆ ತಡಮಾಡಿಸುತ್ತದೆ. ಒಡಿಕತ್ತಿಯ ತೆರೆದ ಅಲಗಿಗೂ ಈ ಮುಚ್ಚಿದ ಒರೆಗೂ ನಡುವೆ ಇರುವುದು ವೇಗ ಮತ್ತು ಭದ್ರತೆಗಳ ಹಳೆಯ ಚೌಕಾಸಿಯೇ.

6. ತೊಡೆ, ಎದೆ, ಮತ್ತೆ ಸೊಂಟ

ಎರಡನೆಯ ಮಹಾಯುದ್ಧದ ಬ್ರಿಟಿಷ್ ಟ್ಯಾಂಕ್ ಯೋಧರಿಗೆ ತೊಡೆಯ ಮೇಲೆ ಇಳಿಬಿದ್ದ ಒರೆಯನ್ನು ಕೊಟ್ಟಿದ್ದರು. ಇಕ್ಕಟ್ಟಾದ ಬಾಗಿಲಲ್ಲಿ ಅದು ಸಿಕ್ಕಿಕೊಳ್ಳುತ್ತಿದ್ದುದರಿಂದ ಮೇಲಕ್ಕೆತ್ತಿ ಸೊಂಟಕ್ಕೆ ತಂದರು. ಅಮೆರಿಕದವರು ಟ್ಯಾಂಕು ಮತ್ತು ವಿಮಾನದವರಿಗೆ ಕಂಕುಳಿನ, ಎದೆಯ ಒರೆಗಳನ್ನು ರೂಪಿಸಿದರು. ಕುಳಿತು ಕೆಲಸ ಮಾಡುವವನಿಗೆ ಸೊಂಟ ಮುಚ್ಚಿಹೋಗುತ್ತದೆ, ಎದೆ ತೆರೆದಿರುತ್ತದೆ. ಕುದುರೆಯ ಮೇಲಿನ ಸರದಾರ ಕಟಾರಿಯನ್ನು ದಟ್ಟಿಯ ಮುಂದಕ್ಕೆ ತಂದುದರ ಹಿಂದೆ ಇರುವುದೂ ಇದೇ ಬಗೆಯ ಅನುಕೂಲ.

1980ರ ಮೇ 5ರಂದು ಲಂಡನ್ನಿನ ಇರಾನ್ ರಾಯಭಾರ ಕಚೇರಿಯ ಒತ್ತೆಯಾಳುಗಳನ್ನು ಬಿಡಿಸಲು ಬ್ರಿಟಿಷ್ ವಿಶೇಷ ವಾಯುಸೇವಾ ದಳ ನುಗ್ಗಿದುದನ್ನು ದೂರದರ್ಶನದಲ್ಲಿ ಜಗತ್ತು ನೋಡಿತು. ಕೈಯಲ್ಲಿ ಸಣ್ಣ ಯಂತ್ರಬಂದೂಕು, ಮೈಮೇಲೆ ಗುಂಡುನಿರೋಧಕ ಕವಚ, ತೊಡೆಯ ಮೇಲೆ ಪಿಸ್ತೂಲು. ಕವಚದ ಅಂಚು ಸೊಂಟಕ್ಕೆ ಇಳಿದಾಗ ಕೈಗೆ ಅಡ್ಡಿಯಾಗದ ಸ್ಥಳ ತೊಡೆ. ಆಮೇಲೆ ಈ ತೊಡೆಯ ಒರೆ ಹಲವು ದೇಶಗಳ ಪಡೆಗಳಲ್ಲಿ ಹರಡಿತು. ಆದರೆ ಅದಕ್ಕೂ ದೋಷಗಳಿದ್ದುವು. ಓಡುವಾಗ ಅದು ತೊನೆದಾಡುತ್ತದೆ, ದೀರ್ಘ ನಡಿಗೆಯಲ್ಲಿ ಕಾಲನ್ನು ದಣಿಸುತ್ತದೆ. ತೀರ ಕೆಳಕ್ಕಿದ್ದರೆ ಕೈ ಬಾಗಿ ಇಳಿಯಬೇಕಾಗುತ್ತದೆ. 1990ರ ದಶಕದಲ್ಲಿ ಕವಚದ ಮೇಲೆಯೇ ಚೀಲಗಳನ್ನು ಬೇಕಾದಲ್ಲಿ ಹೆಣೆದು ಕೂಡಿಸುವ ಪಟ್ಟಿಗಳ ವ್ಯವಸ್ಥೆ ಅಮೆರಿಕದ ಸೇನೆಯಲ್ಲಿ ಬಂದ ಮೇಲೆ ಪಿಸ್ತೂಲನ್ನು ಎದೆಗೆ ಏರಿಸುವುದೂ ಸುಲಭವಾಯಿತು. ವಾಹನದಲ್ಲಿ ಕುಳಿತವನಿಗೆ ಇದು ಹಿತಕರ. ಆದರೆ ಗುಂಡಿನ ಚೀಲಗಳ ಜಾಗವನ್ನು ಅದು ತಿನ್ನುತ್ತದೆ. ಬೋರಲು ಮಲಗಿದಾಗ ಒತ್ತುತ್ತದೆ. ಅಡ್ಡಲಾಗಿ ಸೆಳೆಯುವಾಗ ನಳಿಗೆಯ ಬಾಯಿ ಪಕ್ಕದ ಜೊತೆಗಾರನ ಮೇಲೆ ಹಾಯುತ್ತದೆ. ಎದುರಿಗಿರುವವನ ಕೈಗೂ ಎಟಕುತ್ತದೆ.

ಈ ಕಾರಣಗಳಿಂದ ಬಲಗಡೆಯ ಸೊಂಟ, ಕವಚದಿಂದ ಒಂದಿಷ್ಟು ಕೆಳಗೆ ಮತ್ತು ಹೊರಗೆ ಇರುವಂತೆ, ಮತ್ತೆ ಹೆಚ್ಚು ಒಪ್ಪಿತವಾದ ನೆಲೆಯಾಗಿದೆ. ಜನಸಂದಣಿಯಲ್ಲಿ ನಿಲ್ಲುವ ಪೊಲೀಸನಿಗೆ ಮೊಣಕೈಯೇ ಅಲ್ಲಿ ಕಾವಲು. ಎಡಗೈ ಮುಖ್ಯಾಯುಧವನ್ನು ಪಕ್ಕಕ್ಕೆ ಸರಿಸುತ್ತಿರುವಾಗ ಬಲಗೈ ನೇರವಾಗಿ ಇಳಿದು ಅದನ್ನು ಹಿಡಿಯುತ್ತದೆ. ಬಿಲ್ಲನ್ನು ಎಡಗೈಯಲ್ಲಿ ಉಳಿಸಿಕೊಂಡು ಬಲಗೈಯನ್ನು ನಡುವಿಗೆ ಒಯ್ಯುವ ಯೋಧನ ಚಲನೆಗೂ ಇದಕ್ಕೂ ಅಂತರ ಬಹಳವಿಲ್ಲ.

7. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಒಂದು ಮಾತು ಖಚಿತವಾಗುತ್ತದೆ. ಉಪಾಯುಧಕ್ಕೆ ಎಲ್ಲ ಕಾಲಕ್ಕೂ ಸಲ್ಲುವ ಒಂದು ನೆಲೆಯಿಲ್ಲ. ಸವಾರಿ, ಕವಚ, ಅಲಗಿನ ಉದ್ದ, ಸಭೆಯ ಮರ್ಯಾದೆ ಬದಲಾದಂತೆ ಅದು ದೇಹದ ಮೇಲೆ ಸರಿದಾಡಿದೆ. ಪ್ರಶ್ನೆಗಳು ಮಾತ್ರ ಬದಲಾಗಿಲ್ಲ. ಆದುದರಿಂದ ನೆಲೆಯನ್ನು ಸರಿಯಾಗಿ ದಾಖಲಿಸಿದರೆ ಧರಿಸಿದವನು ಕಾಲಾಳೇ, ಸವಾರನೇ, ಸಭಾಸದನೇ ಎಂಬುದನ್ನು ಊಹಿಸಲು ಬಲವಾದ ಆಧಾರ ದೊರೆಯುತ್ತದೆ.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ವಿಶೇಷ ಅವಕಾಶವಿದೆ. ತಂಜಾವೂರಿನ ಆಯುಧಾಗಾರದ ವಸ್ತುಗಳು ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಹೈದರಾಬಾದಿನ ಸಾಲಾರ್ ಜಂಗ್, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳಲ್ಲಿ ದೊಡ್ಡ ಆಯುಧ ಸಂಗ್ರಹಗಳಿವೆ. ಮುಂಬಯಿಯ ಬೋರಿವಲಿ ಬಳಿಯ ಎಕ್ಸಾರಿನಲ್ಲಿ ನೌಕಾಯುದ್ಧದ ವೀರಗಲ್ಲುಗಳು ನಿಂತಿವೆ. ಇವುಗಳನ್ನು ನೋಡುವಾಗ ವೀರ ಮುಖಮಾಡಿರುವ ದಿಕ್ಕು, ಮುಖ್ಯಾಯುಧ ಹಿಡಿದ ಕೈ, ಉಪಾಯುಧ ಇರುವ ಅವನದೇ ಮಗ್ಗುಲು, ಹಿಡಿಯ ಓರೆ, ಒರೆ ಇದೆಯೇ ಇಲ್ಲವೇ, ಸಿಕ್ಕಿಸಿದೆಯೇ ತೂಗುಹಾಕಿದೆಯೇ ಎಂಬ ಆರು ವಿವರಗಳನ್ನು ಬರೆದುಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಜೊತೆಗೆ ಮೇಲಿನ ಪಟ್ಟಿಕೆಯಲ್ಲಿ, ದೇವಸನ್ನಿಧಿಯಲ್ಲಿ ಕುಳಿತ ವೀರನ ನಡುವಿನಲ್ಲಿ ಸುರಗಿ ಉಳಿದಿದೆಯೇ ಎಂಬುದನ್ನೂ ಗಮನಿಸಬೇಕು. ಸ್ವರ್ಗಕ್ಕೆ ಹೋದವನು ಆಯುಧವನ್ನು ಬಿಟ್ಟು ಹೋದನೆಂದು ಆ ಕಾಲದವರು ಭಾವಿಸಿದ್ದರೆ, ಅಥವಾ ಅದು ಅವನ ದೇಹದ ಅಂಗವೇ ಆಗಿತ್ತೆಂದು ಭಾವಿಸಿದ್ದರೆ, ಅದು ಮರಣದ ಕಲ್ಪನೆಯನ್ನೇ ಕುರಿತ ಸಾಕ್ಷ್ಯ.

ಬಯಲಿನಲ್ಲಿ ನಿಂತ ಕಲ್ಲುಗಳು ಬಿಸಿಲು ಮಳೆಗೆ, ಸುಣ್ಣ ಎಣ್ಣೆಗಳ ಲೇಪಕ್ಕೆ ಸವೆಯುತ್ತಿವೆ. ಮೊದಲು ಅಳಿಸಿಹೋಗುವುದು ನಡುಪಟ್ಟಿಯ ಸೂಕ್ಷ್ಮ ಕೆತ್ತನೆ. ಕೈಯಲ್ಲಿರುವ ಕತ್ತಿ ಇನ್ನೂ ಕೆಲಕಾಲ ಕಂಡೀತು. ಸೊಂಟದ ಸುರಗಿ ಅಷ್ಟು ಕಾಲ ಉಳಿಯುವುದಿಲ್ಲ. ಅದು ಕಾಣುತ್ತಿರುವಾಗಲೇ ದಾಖಲಿಸುವ ಹೊಣೆ ನಮ್ಮ ತಲೆಮಾರಿನದು.